ಗುಂಡಾಟದ ಯಂತ್ರವೂ ಅದರ ದೋಷನಿದಾನವೂ

ಮನೆಯ ರೇಡಿಯೋ ವಾರ್ತೆಯ ನಡುವೆ ಗೊರಗೊರ ಎಂದು ಮಾತು ನಿಲ್ಲಿಸಿದರೆ ನಮ್ಮಲ್ಲಿ ಬಹುಮಂದಿ ಮಾಡುವ ಮೊದಲ ಚಿಕಿತ್ಸೆ ಯಾವುದೆಂಬುದು ವಾಚಕರಿಗೆ ತಿಳಿದೇ ಇದೆ. ಅದರ ನೆತ್ತಿಯ ಮೇಲೆ ಅಂಗೈಯಿಂದ ಒಂದು ಪೆಟ್ಟು! ಪೆಟ್ಟು ತಿಂದ ರೇಡಿಯೋ ಕೆಲವೊಮ್ಮೆ ಮಾತಾಡಿಬಿಡುವುದೂ ಉಂಟು. ಅದರಿಂದಲೇ ನಮಗೆ ಪೆಟ್ಟಿನಲ್ಲಿ ಇಷ್ಟು ಶ್ರದ್ಧೆ. ಆದರೆ ಹಾಗೆ ಮಾತಾಡಿದ ಯಂತ್ರ ತನ್ನ ರೋಗವನ್ನು ಹೇಳಿಕೊಂಡಿತೇ ಹೊರತು ಗುಣವಾಗಲಿಲ್ಲ. ಒಳಗೆ ಎಲ್ಲಿಯೋ ಲೋಹಕ್ಕೆ ಲೋಹ ಸರಿಯಾಗಿ ತಾಗುತ್ತಿಲ್ಲ ಎಂಬುದೇ ಅದು ಹೇಳಿದ ಮಾತು.

ಪೆಟ್ಟನ್ನು ಅಪರಾಧವೆಂದೇ ಎಣಿಸಿ, ಹೊಡೆದವನಿಗೆ ಆ ಕ್ಷಣವೇ ದಂಡ ವಿಧಿಸುವ ಯಂತ್ರವೊಂದುಂಟು. ಅದೇ ಪಿನ್‌ಬಾಲ್ ಎಂಬ ಗುಂಡಾಟದ ಯಂತ್ರ. ಅದರ ಹೊಟ್ಟೆಯಲ್ಲಿ ಗಾರೆಯವರ ತೂಗುಗುಂಡಿನಂಥ ಒಂದು ಪುಟ್ಟ ತೂಕ ಲೋಹದ ಬಳೆಯ ನಡುವೆ ತೂಗಾಡುತ್ತಿರುತ್ತದೆ. ಆಟಗಾರನು ಯಂತ್ರವನ್ನು ಅತಿಯಾಗಿ ಅಲುಗಿಸಿದರೆ ತೂಕ ಹೋಗಿ ಬಳೆಗೆ ತಾಗುತ್ತದೆ. ತಾಗಿದೊಡನೆ ಆಟ ನಿಂತುಹೋಗುತ್ತದೆ. ಈ ಯಂತ್ರದ ಚರಿತ್ರೆಯನ್ನೂ, ಅದು ಕೆಟ್ಟಾಗ ಬಲ್ಲವರು ದೋಷವನ್ನು ಹುಡುಕುವ ಕ್ರಮವನ್ನೂ ಇಲ್ಲಿ ನಿವೇದಿಸಬೇಕೆಂದಿದ್ದೇನೆ. ಕನ್ನಡ ಪಾಠ ಹೇಳುವ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಮುಂದೆ ತಾನಾಗಿಯೇ ದೊರೆಯುತ್ತದೆ.

ಹೋದ ಮಳೆಗಾಲದಲ್ಲಿ ಉತ್ತರಹಳ್ಳಿಯ ನಮ್ಮ ಬೀದಿಗೆ ಇಂಥ ಒಂದು ಯಂತ್ರ ಬಂದಿತು. ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಹಿರಿಯರೊಬ್ಬರಿದ್ದಾರೆ. ಬೀದಿಯವರೆಲ್ಲ ಅವರನ್ನು ರಾಯರು ಎಂದೇ ಕರೆಯುವುದು. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಎಕ್ಸ್‌ಚೇಂಜಿನ ಯಂತ್ರಗಳನ್ನು ನೋಡಿಕೊಂಡಿದ್ದು ನಿವೃತ್ತರಾದವರು. ಅವರ ಮೊಮ್ಮಗ ಯಾವುದೋ ಗುಜರಿ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಅಮೆರಿಕದ ಹಳೆಯ ಪಿನ್‌ಬಾಲ್ ಯಂತ್ರವೊಂದನ್ನು ಕೊಂಡು, ಸಾಮಾನು ಸಾಗಿಸುವ ಆಟೋದಲ್ಲಿ ಹೇರಿಕೊಂಡು ಬಂದ. ಇಳಿಸುವುದಕ್ಕೆ ನಾಲ್ಕು ಜನ ಬೇಕಾಯಿತು. ನಾಲ್ಕನೆಯವನು ನಾನು.

ಗಾಜಿನ ಮುಚ್ಚಳದ ಇಳಿಜಾರು ಮೇಜು; ಅದರ ತಲೆಯ ಕಡೆ ಬಣ್ಣದ ಚಿತ್ರ ಬರೆದ ನಿಲುವು ಪೆಟ್ಟಿಗೆ. ಅದರಲ್ಲಿ ಅಂಕಗಳನ್ನು ತೋರಿಸುವ ಚಕ್ರಗಳು. ನೆಟ್ಟಗೆ ನೋಡಿದರೆ ಜಾತ್ರೆಯ ಅಂಗಡಿಯಂತೆ ಕಾಣುತ್ತಿತ್ತು. ಆದರೆ ನಾಣ್ಯ ಹಾಕಿದರೆ ಕಟಕಟ ಎಂದು ಬಡಿದುಕೊಳ್ಳುವುದೇ ಹೊರತು ಆಟ ಪ್ರಾರಂಭವಾಗುತ್ತಿರಲಿಲ್ಲ. ಹುಡುಗ ಬೇಸತ್ತು ಮೇಜಿನ ಪಕ್ಕೆಗೆ ಒಂದು ಗುದ್ದು ಕೊಟ್ಟ. ರಾಯರು ಎದ್ದು ಬಂದು ಅವನ ಕೈ ಹಿಡಿದರು. “ಹೊಡೀಬೇಡಪ್ಪ. ಅದು ಏನೋ ಹೇಳ್ತಾ ಇದೆ, ಮೊದಲು ಕೇಳೋಣ” ಎಂದರು.

ಆ ಮಾತಿನಲ್ಲಿಯೇ ಒಂದು ಶಾಸ್ತ್ರವಿದೆ. ಅದನ್ನು ತಿಳಿಯಬೇಕಾದರೆ ಮೊದಲು ಯಂತ್ರದ ವಂಶಾವಳಿಯನ್ನು ಸ್ವಲ್ಪ ನೋಡಬೇಕು.

ಫ್ರಾನ್ಸ್ ದೇಶದ ಶ್ರೀಮಂತರ ಮನೆಗಳಲ್ಲಿ ೧೮ನೆಯ ಶತಮಾನದಲ್ಲಿ ಬ್ಯಾಗಟೆಲ್ ಎಂಬ ಆಟವಿತ್ತು. ಓರೆಯಾದ ಹಲಗೆ, ಅದರ ಮೇಲೆ ಗೂಟಗಳು ಮತ್ತು ಕುಳಿಗಳು. ಕೋಲಿನಿಂದ ಗುಂಡನ್ನು ಮೇಲಕ್ಕೆ ತಳ್ಳಿ ಕುಳಿಗೆ ಬೀಳಿಸುವುದೇ ಆಟ. ಕಾಲಕ್ರಮದಲ್ಲಿ ಇದು ಅಮೆರಿಕಕ್ಕೆ ಹೋಯಿತು. ೧೮೭೧ರಲ್ಲಿ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬಾತ ಕೋಲಿನ ಬದಲು ಸ್ಪ್ರಿಂಗಿನ ದಂಡವನ್ನು ಅಳವಡಿಸಿ ಪೇಟೆಂಟು ಪಡೆದ. ೧೯೩೧ರಲ್ಲಿ ಡೇವಿಡ್ ಗಾಟ್ಲೀಬ್ ಹೊರತಂದ ‘ಬ್ಯಾಫಲ್ ಬಾಲ್’ ಎಂಬ ಮೇಜು ಅಂಗಡಿ ಹೋಟೆಲುಗಳಲ್ಲೆಲ್ಲ ಹಬ್ಬಿತು. ಅಮೆರಿಕದಲ್ಲಿ ಆಗ ಮಹಾಮುಗ್ಗಟ್ಟಿನ ಕಾಲ. ಕೆಲಸವಿಲ್ಲದವನಿಗೆ ಒಂದು ಬಿಡಿಕಾಸಿನಲ್ಲಿ ಹತ್ತು ನಿಮಿಷ ಕಳೆಯುವ ದಾರಿ ಅದಾಯಿತು.

ಈ ಹಂತದವರೆಗೆ ಯಂತ್ರದಲ್ಲಿ ಕೆಡುವಂಥದ್ದು ಹೆಚ್ಚೇನೂ ಇರಲಿಲ್ಲ. ಸ್ಪ್ರಿಂಗು ಸಡಿಲವಾದೀತು, ಮೊಳೆ ಬಾಗೀತು. ಕಣ್ಣಿಗೆ ಕಾಣುವ ದೋಷ, ಕೈಗೆ ಸಿಗುವ ಪರಿಹಾರ. ೧೯೩೩ರಲ್ಲಿ ಹ್ಯಾರಿ ವಿಲಿಯಮ್ಸ್ ಎಂಬುವನು ‘ಕಾಂಟ್ಯಾಕ್ಟ್’ ಎಂಬ ಯಂತ್ರಕ್ಕೆ ವಿದ್ಯುತ್ತನ್ನು ತಂದ. ಗುಂಡು ಒಂದು ಕುಳಿಗೆ ಬಿದ್ದರೆ ವಿದ್ಯುತ್ತಿನ ಸುರುಳಿ ಅದನ್ನು ಎತ್ತಿ ಮತ್ತೆ ಆಟಕ್ಕೆ ಎಸೆಯತೊಡಗಿತು. ‘ಕಾಂಟ್ಯಾಕ್ಟ್’ ಎಂದರೆ ತಾಗುವಿಕೆ, ಸಂಪರ್ಕ. ಮುಂದೆ ಈ ಯಂತ್ರಗಳಿಗೆ ಬರಲಿದ್ದ ರೋಗಗಳಲ್ಲಿ ಮುಕ್ಕಾಲುಪಾಲು ಸಂಪರ್ಕದ ರೋಗಗಳೇ ಎಂಬುದನ್ನು ನೋಡಿದರೆ ಆ ಹೆಸರು ಅನ್ವರ್ಥವೆನ್ನಬೇಕು. ೧೯೪೭ರಲ್ಲಿ ಗಾಟ್ಲೀಬ್ ಕಂಪೆನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ ಹ್ಯಾರಿ ಮ್ಯಾಬ್ಸ್ ಆರು ಪುಟ್ಟ ಕೈಗಳನ್ನು ಜೋಡಿಸಿದ. ಗುಂಡಿ ಒತ್ತಿದರೆ ಗುಂಡನ್ನು ಮೇಲಕ್ಕೆ ಬಡಿಯುವ ಈ ಕೈಗಳಿಗೆ ಫ್ಲಿಪ್ಪರ್ ಎಂದು ಹೆಸರು. ಅದುವರೆಗೆ ಬಿದ್ದ ಗುಂಡನ್ನು ನೋಡುತ್ತ ನಿಲ್ಲಬೇಕಾಗಿದ್ದ ಆಟಗಾರನಿಗೆ ಅಂದಿನಿಂದ ಕೈ ಬಂದಿತು.

ಈ ನಡುವೆ ಯಂತ್ರಕ್ಕೆ ಕಂಟಕವೂ ಬಂದಿತ್ತು. ಇದು ಬರಿಯ ಜೂಜು, ಮಕ್ಕಳ ಕಾಸನ್ನು ಕಸಿಯುವ ಸಾಧನ ಎಂದು ನ್ಯೂಯಾರ್ಕ್ ನಗರದ ಮೇಯರ್ ಲಾ ಗಾರ್ಡಿಯಾ ೧೯೪೨ರಲ್ಲಿ ಅದನ್ನು ನಿಷೇಧಿಸಿದರು. ಪೊಲೀಸರು ಯಂತ್ರಗಳನ್ನು ವಶಪಡಿಸಿಕೊಂಡರು. ಸ್ವತಃ ಮೇಯರೇ ಸುತ್ತಿಗೆ ಹಿಡಿದು ಅವನ್ನು ಒಡೆಯುವ ಚಿತ್ರಗಳು ಪ್ರಕಟವಾದವು. ಆ ನಿಷೇಧ ತೆರವಾದದ್ದು ೧೯೭೬ರಲ್ಲಿ. ರಾಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯ ಸಮಿತಿಯ ಎದುರು ಯಂತ್ರವನ್ನಿಟ್ಟು ಆಡಿ, ಗುಂಡು ಯಾವ ದಾರಿಯಲ್ಲಿ ಇಳಿಯುವುದೆಂದು ಮೊದಲೇ ಹೇಳಿ ಹಾಗೆಯೇ ಇಳಿಸಿ ತೋರಿಸಿದ. ಇದು ಅದೃಷ್ಟದ ಆಟವೋ ಕುಶಲತೆಯ ಆಟವೋ ಎಂಬ ವ್ಯಾಜ್ಯ ಹಾಗೆ ತೀರ್ಮಾನವಾಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಯಂತ್ರ ಸುಸ್ಥಿತಿಯಲ್ಲಿದ್ದರೆ ಮಾತ್ರ ಆ ಆಟದಲ್ಲಿ ಕುಶಲತೆಗೆ ಬೆಲೆ. ಎಡಗೈ ಸೊರಗಿದ, ಒಂದು ಪಕ್ಕಕ್ಕೆ ವಾಲಿದ ಯಂತ್ರದ ಮುಂದೆ ಎಂಥ ನಿಪುಣನೂ ಜೂಜುಗಾರನೇ. ದೋಷ ತಿದ್ದುವವನು ಆದಕಾರಣ ಆಟಗಾರನಿಗೆ ನ್ಯಾಯ ದೊರಕಿಸಿಕೊಡುವವನೂ ಹೌದು.

ರಾಯರು ಯಂತ್ರದ ಮೇಜನ್ನು ಎತ್ತಿ ನಿಲ್ಲಿಸಿ ಒಳಗೆ ಇಣುಕಿದರು. ಬಟ್ಟೆ ಸುತ್ತಿದ ಬಣ್ಣಬಣ್ಣದ ತಂತಿಗಳು, ಸಾಲುಸಾಲಾಗಿ ರಿಲೇಗಳು, ಹಲ್ಲುಚಕ್ರಗಳು, ಹಿತ್ತಾಳೆಯ ಗುಬಟುಗಳ ಬಿಲ್ಲೆಗಳು. ಅವರ ಮುಖ ಅರಳಿತು. “ಮೇಷ್ಟ್ರೇ, ಇದು ಆಟದ ಸಾಮಾನಲ್ಲ, ನಮ್ಮ ಎಕ್ಸ್‌ಚೇಂಜಿನ ತಮ್ಮ!” ಎಂದರು.

ಆ ಮಾತು ಅತಿಶಯೋಕ್ತಿಯಲ್ಲ. ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಆಲ್ಮನ್ ಸ್ಟ್ರೌಜರ್ ಎಂಬುವನು ಶವಸಂಸ್ಕಾರದ ಏರ್ಪಾಡು ಮಾಡುವ ವೃತ್ತಿಯವನು. ಟೆಲಿಫೋನ್ ಕಛೇರಿಯಲ್ಲಿ ಕರೆ ಜೋಡಿಸುವವರು ತನ್ನ ಗಿರಾಕಿಗಳನ್ನು ಪ್ರತಿಸ್ಪರ್ಧಿಗೆ ಜೋಡಿಸುತ್ತಾರೆಂಬ ಸಿಟ್ಟಿನಿಂದ ಮನುಷ್ಯರೇ ಬೇಡದ ಯಂತ್ರವನ್ನು ಕಲ್ಪಿಸಿದನೆಂದು ಕಥೆ ಪ್ರಚಲಿತವಾಗಿದೆ. ಅವನಿಗೆ ೧೮೯೧ರಲ್ಲಿ ಪೇಟೆಂಟು ದೊರೆಯಿತು. ೧೮೯೨ರಲ್ಲಿ ಇಂಡಿಯಾನಾ ಪ್ರಾಂತದ ಲಾ ಪೋರ್ಟ್ ಎಂಬ ಊರಿನಲ್ಲಿ ಅವನ ಪದ್ಧತಿಯ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜು ಪ್ರಾರಂಭವಾಯಿತು. ಹಳೆಯ ಟೆಲಿಫೋನಿನಲ್ಲಿ ಬೆರಳಿಟ್ಟು ತಿರುಗಿಸುವ ಬಿಲ್ಲೆಯನ್ನು ನೆನಪಿಸಿಕೊಳ್ಳಿ. ೭ನ್ನು ತಿರುಗಿಸಿ ಬಿಟ್ಟರೆ ಅದು ಹಿಂದಿರುಗುವಾಗ ಲೈನಿನ ವಿದ್ಯುತ್ತು ಏಳು ಸಲ ಕಡಿದು ಸೇರುತ್ತದೆ. ಅತ್ತ ಎಕ್ಸ್‌ಚೇಂಜಿನಲ್ಲಿ ಒಂದು ದಂಡ ಏಳು ಮೆಟ್ಟಿಲು ಮೇಲೇರುತ್ತದೆ. ಅನಂತರ ಅದೇ ದಂಡ ಅಡ್ಡಕ್ಕೆ ಹೆಜ್ಜೆಹೆಜ್ಜೆಯಾಗಿ ತಿರುಗಿ ಬೇಕಾದ ಗುಬಟಿನ ಮೇಲೆ ನಿಲ್ಲುತ್ತದೆ. ಮೇಲಕ್ಕೆ ಹತ್ತು, ಅಡ್ಡಕ್ಕೆ ಹತ್ತು. ಒಂದು ದಂಡದ ಕೈಗೆ ನೂರು ದಾರಿ. ಪಿನ್‌ಬಾಲ್ ಯಂತ್ರದಲ್ಲಿಯೂ ಅಷ್ಟೇ. ಗುಂಡು ತಾಗಿದ್ದನ್ನು ಎಣಿಸುವುದಕ್ಕೆ, ಎಷ್ಟನೆಯ ಗುಂಡು ಎಂದು ನೆನಪಿಡುವುದಕ್ಕೆ ಇಂಥ ಹೆಜ್ಜೆ ಹಾಕುವ ಚಕ್ರಗಳೂ ರಿಲೇಗಳೂ ಬೇಕು.

ಈ ಪದ್ಧತಿಗೆ ನಮ್ಮ ಬೆಂಗಳೂರೇ ಒಂದು ತವರು. ಸ್ವತಂತ್ರ ಭಾರತದ ಸಾರ್ವಜನಿಕ ಉದ್ಯಮಗಳಲ್ಲಿ ಮೊದಲನೆಯದೆಂಬ ಕೀರ್ತಿ ಪಡೆದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ೧೯೪೮ರಲ್ಲಿ ಸ್ಥಾಪಿತವಾದದ್ದು ಇಲ್ಲಿ. ಇಂಗ್ಲೆಂಡಿನ ಲಿವರ್‌ಪೂಲಿನ ಕಂಪೆನಿಯೊಂದರ ತಾಂತ್ರಿಕ ನೆರವಿನಿಂದ ಅದು ಸ್ಟ್ರೌಜರ್ ಪದ್ಧತಿಯ ಸಲಕರಣೆಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ಉತ್ತರಹಳ್ಳಿ ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿಯ ಊರಾಗಿ ರಾಗಿ ಹೊಲಗಳ ನಡುವೆ ಇದ್ದ ದಿನಗಳಲ್ಲಿಯೇ ನಗರದ ಇನ್ನೊಂದು ತುದಿಯಲ್ಲಿ ನಮ್ಮವರ ಕೈಗಳು ರಿಲೇಗಳ ಸೂಕ್ಷ್ಮವನ್ನು ಕಲಿಯುತ್ತಿದ್ದವು. ರಾಯರ ವಿದ್ಯೆ ಆ ಪರಂಪರೆಯದು.

ಎಕ್ಸ್‌ಚೇಂಜಿನಲ್ಲಿ ಸಾವಿರಾರು ರಿಲೇಗಳು ಹಗಲೂ ರಾತ್ರಿ ಬಡಿದುಕೊಳ್ಳುತ್ತವೆ. “ಯಾವುದೋ ಒಂದು ಸಾಲಿನಲ್ಲಿ ತಾಳ ತಪ್ಪಿದರೆ ಊಟದ ಡಬ್ಬಿ ಬಿಚ್ಚುತ್ತಿದ್ದವನು ಎದ್ದುಹೋಗುತ್ತಿದ್ದೆ” ಎಂದು ರಾಯರು ನೆನೆಸಿಕೊಂಡರು. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನೆ ಎಂಬ ಮೂರು ಬಗೆಯಿಂದ ಪರೀಕ್ಷಿಸಬೇಕೆಂದು ವಿಧಿಸಿದೆ. ನೋಡಬೇಕು, ಮುಟ್ಟಬೇಕು, ಕೇಳಬೇಕು. ರಾಯರು ಆ ಗ್ರಂಥಗಳನ್ನು ಓದಿದವರಲ್ಲ. ಆದರೂ ಅವರ ಕ್ರಮ ಅದೇ ಆಗಿತ್ತು.

ಮೊದಲು ಪ್ರಶ್ನೆ. “ಯಾವಾಗ ನಿಂತಿತು? ನಿಲ್ಲುವ ಮುಂಚೆ ಏನು ಮಾಡುತ್ತಿತ್ತು? ಯಾರಾದರೂ ಕೈ ಹಾಕಿದ್ದರೇ?” ಗುಜರಿಯವನಿಂದ ತಂದ ಯಂತ್ರವಾದ್ದರಿಂದ ಇದಕ್ಕೆ ಉತ್ತರ ಸಿಗಲಿಲ್ಲ. ಎರಡನೆಯದು ದರ್ಶನ. ಗೋಡೆಯಿಂದ ಪ್ಲಗ್ಗನ್ನು ಕಿತ್ತು ಪಕ್ಕಕ್ಕಿಟ್ಟು, ಬ್ಯಾಟರಿ ದೀಪ ಹಿಡಿದು ಅರ್ಧ ಗಂಟೆ ಸುಮ್ಮನೆ ನೋಡಿದರು. ಕಳಚಿ ಬಿದ್ದ ಸ್ಕ್ರೂ ಒಂದು, ಇಲಿ ಕಡಿದ ತಂತಿ ಒಂದು ಸಿಕ್ಕಿದವು. ಇನ್ನೊಂದನ್ನು ಕಂಡು ಅವರು ತಲೆ ಚಚ್ಚಿಕೊಂಡರು. ಫ್ಯೂಸು ಇರಬೇಕಾದ ಕಡೆ ಯಾವನೋ ಪುಣ್ಯಾತ್ಮ ದಪ್ಪ ತಾಮ್ರದ ತಂತಿಯನ್ನು ಸುತ್ತಿಬಿಟ್ಟಿದ್ದ! ಫ್ಯೂಸು ಪದೇಪದೇ ಸುಡುತ್ತಿದ್ದಿರಬೇಕು. ಏಕೆ ಸುಡುತ್ತದೆಂದು ಕೇಳದೆ, ಸುಡುವುದನ್ನೇ ತಪ್ಪಿಸಿದ್ದ. ಜ್ವರ ತೋರಿಸುತ್ತದೆಂದು ಜ್ವರಮಾಪಕವನ್ನು ಒಡೆದಂತಾಯಿತು. ಒಳಗೆ ಸುರುಳಿ ಕಾದು ಹೊತ್ತಿಕೊಂಡರೆ ಮರದ ಪೆಟ್ಟಿಗೆಯೊಡನೆ ಮನೆಗೂ ಅಪಾಯ. ನಿಮ್ಮ ಮನೆಯಲ್ಲಿ ಇಂಥ ಉಪಚಾರ ನಡೆದಿದ್ದರೆ ಇಂದೇ ಅದನ್ನು ತೆಗೆಸಿರಿ. ಫ್ಯೂಸು ಎಷ್ಟು ಆಂಪಿಯರಿನದೆಂದು ನಮೂದಿಸಿದೆಯೋ ಅಷ್ಟರದನ್ನೇ ಹಾಕತಕ್ಕದ್ದು.

ಆಮೇಲೆ ಗಾರೆಯವರ ರಸಮಟ್ಟವನ್ನು ತರಿಸಿ ಮೇಜಿನ ಮೇಲೆ ಅಡ್ಡಲಾಗಿ ಇಟ್ಟು ಕಾಲುಗಳನ್ನು ಸರಿಪಡಿಸಿದರು. ತಲೆಯಿಂದ ಕಾಲಿನ ಕಡೆಗೆ ಇಳಿಜಾರು ಇರಲೇಬೇಕು. ಇತ್ತೀಚಿನ ಯಂತ್ರಗಳಲ್ಲಿ ಅದು ಸುಮಾರು ೬.೫ ಡಿಗ್ರಿ, ಹಳೆಯವುಗಳಲ್ಲಿ ಅದಕ್ಕಿಂತ ಕಡಿಮೆ. ಎಡಬಲಕ್ಕೆ ಮಾತ್ರ ಕೂದಲೆಳೆಯಷ್ಟೂ ವಾಲಬಾರದು. ಸುಮಾರು ೨೭ ಮಿಲಿಮೀಟರ್ ವ್ಯಾಸದ, ೮೦ ಗ್ರಾಂ ತೂಕದ ಉಕ್ಕಿನ ಗುಂಡಿಗೆ ಅಷ್ಟು ವಾಲಿಕೆಯೂ ತಿಳಿದುಬಿಡುತ್ತದೆ.

ಇಷ್ಟಾದ ಮೇಲೆ ಸರಿಯಾದ ಫ್ಯೂಸು ಹಾಕಿ, ನಮ್ಮ ೨೩೦ ವೋಲ್ಟನ್ನು ಅಮೆರಿಕದ ಮಟ್ಟಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರಿನ ಮೂಲಕ ವಿದ್ಯುತ್ತು ಕೊಟ್ಟು, ನಾಣ್ಯ ಹಾಕಿದರು. ಮತ್ತೆ ಅದೇ ಕಟಕಟ. ಅಂಕದ ಚಕ್ರಗಳೆಲ್ಲ ಸೊನ್ನೆಗೆ ಬಂದು ನಿಂತಿವೆ. ಆದರೂ ಬಡಿತ ನಿಲ್ಲದು. ರಾಯರು ಕಣ್ಣು ಮುಚ್ಚಿ ಆಲಿಸಿದರು. ಹೊಸ ಆಟ ಪ್ರಾರಂಭವಾಗುವ ಮುನ್ನ ಯಂತ್ರ ಪ್ರತಿಯೊಂದು ಚಕ್ರವನ್ನೂ ಸೊನ್ನೆಗೆ ತಳ್ಳುತ್ತದೆ. ಚಕ್ರ ಸೊನ್ನೆಗೆ ಬಂದೊಡನೆ ಅದರ ಹಿಂದಿನ ಪುಟ್ಟ ಸ್ವಿಚ್ಚು ಬಿಚ್ಚಿಕೊಂಡು “ನಾನು ಬಂದೆ, ಇನ್ನು ಸಾಕು” ಎಂದು ತಿಳಿಸಬೇಕು. ಎಲ್ಲರೂ ಸಾಕು ಎನ್ನುವವರೆಗೆ ಮೋಟಾರು ತಳ್ಳುತ್ತಲೇ ಇರುತ್ತದೆ. ಇಲ್ಲಿ ಸಾವಿರದ ಚಕ್ರದ ಸ್ವಿಚ್ಚಿನ ಪಟ್ಟಿ ಬಾಗಿ, ಬಿಡಬೇಕಾದಲ್ಲಿ ಬಿಡದೆ ಅಂಟಿಕೊಂಡಿತ್ತು. ಪ್ಲಗ್ಗು ಕಿತ್ತು, ಸಣ್ಣ ಇಕ್ಕುಳದಿಂದ ಪಟ್ಟಿಯನ್ನು ಎಳ್ಳಷ್ಟು ಹಿಂದಕ್ಕೆ ಬಾಗಿಸಿದರು. ಕಟಕಟ ನಿಂತು ಗುಂಡು ಬಂದಿತು!

ಆಡತೊಡಗಿದಾಗ ಎರಡನೆಯ ದೋಷ ಕಂಡಿತು. ಹತ್ತರ ಚಕ್ರ ೯ನ್ನು ದಾಟಿ ಸೊನ್ನೆಗೆ ಬಂದರೂ ನೂರರ ಚಕ್ರ ಕದಲದು. ಸಂಕಲನದಲ್ಲಿ ದಶಕವನ್ನು ಮರೆತ ಹುಡುಗನಂತೆ ಯಂತ್ರ ಲೆಕ್ಕ ತಪ್ಪುತ್ತಿತ್ತು. ಹತ್ತರ ಚಕ್ರ ೯ರಲ್ಲಿ ನಿಂತಾಗ ಒಂದು ಸ್ವಿಚ್ಚು ಸೇರಿಕೊಂಡು, ಮುಂದಿನ ಹೆಜ್ಜೆಯಲ್ಲಿ ನೂರರ ಚಕ್ರವನ್ನೂ ಕೂಡಿಸಿಕೊಂಡು ಹೋಗಬೇಕು. ಆ ಸ್ವಿಚ್ಚಿನ ಬೆಳ್ಳಿಯ ಬಿಂದುಗಳ ಮೇಲೆ ಕರಿ ಕವಿದಿತ್ತು. ಮುಟ್ಟಿದಂತೆ ಕಂಡರೂ ವಿದ್ಯುತ್ತು ದಾಟುತ್ತಿರಲಿಲ್ಲ. ದಪ್ಪ ಕಾಗದದ ಪಟ್ಟಿಯನ್ನು ಬಿಂದುಗಳ ನಡುವೆ ಇಟ್ಟು ನಾಲ್ಕು ಸಲ ಎಳೆದರು. ಕಾಗದದ ಮೇಲೆ ಕಾಡಿಗೆಯ ಗೆರೆ ಬಿದ್ದಿತು. ಚಕ್ರಕ್ಕೆ ದಶಕದ ನೆನಪು ಬಂದಿತು.

ಮೂರನೆಯದು ಎಡಗೈ ಸೊರಗಿದ್ದು. ಈ ಫ್ಲಿಪ್ಪರಿನ ಸುರುಳಿಯಲ್ಲಿ ಎರಡು ಸುತ್ತುಗಳಿರುತ್ತವೆ. ದಪ್ಪ ತಂತಿಯ ಸುತ್ತು ಹೊಡೆತಕ್ಕೆ. ಸಣ್ಣ ತಂತಿಯ ಸುತ್ತು ಕೈಯನ್ನು ಎತ್ತಿ ಹಿಡಿಯುವುದಕ್ಕೆ. ಗುಂಡಿ ಒತ್ತಿದಾಗ ವಿದ್ಯುತ್ತು ದಪ್ಪ ಸುತ್ತಿನಲ್ಲಿ ನುಗ್ಗುತ್ತದೆ. ಕೈ ಪೂರ್ತಿ ಮೇಲೆದ್ದ ಕ್ಷಣ ಬುಡದ ಸ್ವಿಚ್ಚೊಂದು ಬಿಚ್ಚಿಕೊಂಡು ಸಣ್ಣ ಸುತ್ತನ್ನೂ ದಾರಿಗೆ ಸೇರಿಸುತ್ತದೆ, ಪ್ರವಾಹ ತಗ್ಗುತ್ತದೆ. ಆ ಸ್ವಿಚ್ಚು ಬಿಚ್ಚದಿದ್ದರೆ ಸುರುಳಿ ಕಾದು ಸುಡುತ್ತದೆ. ಅದರ ಬಿಂದುಗಳು ಕೊಳೆಯಾಗಿ ಮೊದಲಿನಿಂದಲೇ ಸರಿಯಾಗಿ ತಾಗದಿದ್ದರೆ ಪ್ರವಾಹ ಯಾವಾಗಲೂ ಸಣ್ಣ ಸುತ್ತನ್ನು ಹಾಯ್ದು ಹೋಗಬೇಕಾಗಿ ಕೈ ಸೊರಗುತ್ತದೆ. ಬಲಗೈಯ ಸ್ವಿಚ್ಚು ಮೊದಲ ರೋಗಕ್ಕೆ ಸಿಕ್ಕಿ ಹಿಂದೆ ಫ್ಯೂಸನ್ನು ಸುಡುತ್ತಿದ್ದುದು, ಎಡಗೈಯದು ಎರಡನೆಯ ರೋಗಕ್ಕೆ ಸಿಕ್ಕಿದ್ದುದು. ಎರಡನ್ನೂ ತಿದ್ದಿದ್ದಾಯಿತು. ಆ ತಾಮ್ರದ ತಂತಿಯ ರಹಸ್ಯವೂ ಬಯಲಾಯಿತು.

ಈ ಮೂರು ದೋಷಗಳನ್ನು ನೋಡುತ್ತ ಕುಳಿತ ನನಗೆ ನನ್ನ ವ್ಯಾಕರಣದ ಪಾಠವೇ ನೆನಪಾಯಿತು. ಸ್ವರದ ಮುಂದೆ ಸ್ವರ ಬಂದರೆ ಸಂಧಿ ಮಾಡಬೇಕು. ‘ಊರು ಅಲ್ಲಿ’ ಎಂಬುದು ‘ಊರಲ್ಲಿ’ ಆಗುತ್ತದೆ. ಆದರೆ ‘ಅಕ್ಕಾ, ಇಲ್ಲಿ ನೋಡು’ ಎಂದು ಕರೆಯುವಾಗ ಸಂಧಿ ಕೂಡದು. ಅದಕ್ಕೆ ಪ್ರಕೃತಿಭಾವವೆಂದು ಹೆಸರು. ಸೇರಬೇಕಾದಲ್ಲಿ ಸೇರದಿರುವುದು ಒಂದು ದೋಷ. ಬಿಡಬೇಕಾದಲ್ಲಿ ಬಿಡದಿರುವುದು ಇನ್ನೊಂದು. ಆ ದೊಡ್ಡ ಪೆಟ್ಟಿಗೆಯ ರೋಗಗಳೆಲ್ಲ ಹೆಚ್ಚುಕಡಿಮೆ ಈ ಎರಡರಲ್ಲಿ ಅಡಗುತ್ತವೆ.

ದೋಷ ಯಾವ ಬಗೆಯದೆಂಬುದಕ್ಕಿಂತ ಎಲ್ಲಿದೆ ಎಂಬುದನ್ನು ತಿಳಿಯುವುದೇ ಕಷ್ಟ. ಅದಕ್ಕೆ ರಾಯರು ಹೇಳಿಕೊಟ್ಟ ಉಪಾಯ ಸರಳವಾದದ್ದು. ವಿದ್ಯುತ್ತಿನ ದಾರಿಯನ್ನು ನಕ್ಷೆಯಲ್ಲಿ ಹಿಡಿದು ಅದರ ನಟ್ಟನಡುವೆ ದೀಪ ಇಟ್ಟು ನೋಡು. ಅಲ್ಲಿಯವರೆಗೆ ವಿದ್ಯುತ್ತು ಬಂದಿದ್ದರೆ ದೋಷ ಮುಂದಿನ ಅರ್ಧದಲ್ಲಿದೆ. ಬಾರದಿದ್ದರೆ ಹಿಂದಿನ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡು. ನೂರು ಬಿಂದುಗಳಿದ್ದರೂ ಏಳು ಸಲ ನೋಡುವುದರೊಳಗೆ ದೋಷ ಸಿಕ್ಕುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ತಿದ್ದು, ತಿದ್ದಿದ್ದನ್ನು ಬರೆದಿಡು.

ಬರೆದಿಡುವ ಅಭ್ಯಾಸಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. ಹಂಪ್ಟಿ ಡಂಪ್ಟಿ ಹೊರಬಂದ ವರ್ಷವೇ, ೧೯೪೭ರ ಸೆಪ್ಟೆಂಬರ್ ೯ರಂದು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ೨ ಎಂಬ ಗಣಕಯಂತ್ರ ತಪ್ಪು ಲೆಕ್ಕ ಹೇಳತೊಡಗಿತು. ಅದೂ ರಿಲೇಗಳಿಂದಲೇ ನಡೆಯುತ್ತಿದ್ದ ಯಂತ್ರ. ಹುಡುಕುತ್ತ ಹೋದವರಿಗೆ ಒಂದು ರಿಲೇಯ ಬಾಯಲ್ಲಿ ಸಿಕ್ಕಿ ಸತ್ತಿದ್ದ ಪತಂಗ ದೊರೆಯಿತು. ಅದನ್ನು ದಿನಚರಿಯ ಪುಸ್ತಕದಲ್ಲಿ ಅಂಟಿಸಿ, ನಿಜವಾದ ಹುಳುವೇ ಸಿಕ್ಕಿತೆಂದು ವಿನೋದವಾಗಿ ಬರೆದರು. ಯಂತ್ರದೋಷಕ್ಕೆ ‘ಬಗ್’, ಅಂದರೆ ಹುಳು, ಎಂಬ ಮಾತು ಅದಕ್ಕೂ ಮುಂಚೆ ಬಳಕೆಯಲ್ಲಿತ್ತು. ಆ ಪುಸ್ತಕ ಇಂದು ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಕಾಲ ನಿಲ್ಲಲಿಲ್ಲ. ೧೯೭೭ರ ಸುಮಾರಿಗೆ ಪಿನ್‌ಬಾಲ್ ಯಂತ್ರಗಳಿಂದ ರಿಲೇಗಳು ಮಾಯವಾಗಿ ಎಲೆಕ್ಟ್ರಾನಿಕ್ ಫಲಕಗಳು ಬಂದವು. ಆ ಕಾಲದ ಬ್ಯಾಲಿ ಕಂಪೆನಿಯ ಯಂತ್ರಗಳಲ್ಲಿ ಒಂದು ಪುಟ್ಟ ದೀಪ ಏಳು ಸಲ ಮಿನುಗಿದರೆ ಫಲಕ ಆರೋಗ್ಯವಾಗಿದೆ ಎಂದರ್ಥ. ಎಷ್ಟರಲ್ಲಿ ನಿಂತಿತೋ ಅದರಿಂದ ದೋಷ ಯಾವ ಭಾಗದಲ್ಲಿದೆ ಎಂದು ತಿಳಿಯಬಹುದು. ಯಂತ್ರವೇ ತನ್ನ ರೋಗವನ್ನು ಎಣಿಸಿ ಹೇಳತೊಡಗಿತು! ಹೊಸ ರೋಗಗಳೂ ಬಂದವು. ನೆನಪು ಉಳಿಸುವ ಬ್ಯಾಟರಿ ಸೋರಿ ಫಲಕದ ತಾಮ್ರವನ್ನು ತಿನ್ನುವುದು, ಬೆಸುಗೆ ಕೂದಲಿನಷ್ಟು ಬಿರುಕು ಬಿಡುವುದು. ಚಿನ್ನದ ಲೇಪವಿರುವ ಸಂಪರ್ಕಬಿಂದುಗಳನ್ನು ಹಳೆಯ ಅಭ್ಯಾಸದಂತೆ ಅರದಿಂದ ಉಜ್ಜಿ ಹಾಳು ಮಾಡಿದವರೂ ಉಂಟು. ಔಷಧ ಅದೇ ಆದರೂ ರೋಗಿ ಬದಲಾಗಿದ್ದಾನೆಂಬುದನ್ನು ವೈದ್ಯ ಮರೆಯಬಾರದು.

ಟೆಲಿಫೋನಿನ ಕಥೆಯೂ ಅದೇ. ಕೇಂದ್ರ ಸರ್ಕಾರ ೧೯೮೪ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳ ಧೂಳು ಸೆಕೆಗಳಿಗೆ ಒಗ್ಗುವ ೧೨೮ ಲೈನುಗಳ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲನೆಯದು ೧೯೮೬ರಲ್ಲಿ ಪ್ರಾರಂಭವಾದದ್ದು ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರು ಟೆಲಿಫೋನಿನ ಚರಿತ್ರೆಯಲ್ಲಿಯೂ ಹೆಸರು ಪಡೆಯಿತು. ಬಡಿದುಕೊಳ್ಳುವ ದಂಡಗಳ ಎಕ್ಸ್‌ಚೇಂಜುಗಳು ಅನಂತರದ ವರ್ಷಗಳಲ್ಲಿ ಒಂದೊಂದಾಗಿ ಮೂಲೆ ಸೇರಿದವು. “ಹೊಸದು ಒಳ್ಳೆಯದೇ ಮೇಷ್ಟ್ರೇ, ಕೆಡುವುದೇ ಕಡಿಮೆ” ಎಂದರು ರಾಯರು. ಸ್ವಲ್ಪ ಹೊತ್ತು ಬಿಟ್ಟು, “ಆದರೆ ಆ ಕೋಣೆಗೆ ಹೋದರೆ ಸದ್ದೇ ಇಲ್ಲ. ನನ್ನ ಕಿವಿಗೆ ಕೆಲಸವೇ ಹೋಯಿತು” ಎಂದರು.

ಆ ಮಾತು ಕೇಳಿದ ಮೇಲೆ ನಾನು ನನ್ನ ಕಿವಿಯ ವಿಚಾರ ಯೋಚಿಸಿದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ. ‘ಹಾಲು’ ಎನ್ನುವಲ್ಲಿ ‘ಆಲು’ ಎಂದು ಬರೆಯುವನು. ‘ಅಂಗಡಿ’ಯನ್ನು ‘ಹಂಗಡಿ’ ಮಾಡುವನು. ಇಡೀ ವರ್ಷ ನಾನು ಅವನ ಪುಸ್ತಕದಲ್ಲಿ ಕೆಂಪು ಗೆರೆ ಎಳೆದದ್ದೇ ಎಳೆದದ್ದು. ಒಂದೆರಡು ಸಲ ಎಲ್ಲರ ಮುಂದೆ ದಡ್ಡನೆಂದೂ ಅಂದಿದ್ದೆ. ಅದು ರೇಡಿಯೋವಿನ ನೆತ್ತಿಗೆ ಕೊಟ್ಟ ಪೆಟ್ಟಲ್ಲದೆ ಮತ್ತೇನು? ಯಂತ್ರ ರಿಪೇರಿಯಾದ ವಾರ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೋರಾಗಿ ಓದಿಸಿ, ನಡುವೆ ತಿದ್ದದೆ ಸುಮ್ಮನೆ ಆಲಿಸಿದೆ. ಅವನ ಮನೆಯ ಮಾತಿನಲ್ಲಿ ಹಕಾರವೇ ಇಲ್ಲ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಇಲ್ಲ. ಇರಬೇಕಾದಲ್ಲಿ ಹಕಾರ ಬಿಟ್ಟು ಬೈಸಿಕೊಂಡವನು, ಬೈಗುಳಕ್ಕೆ ಹೆದರಿ ಬೇಡದಲ್ಲಿ ಸೇರಿಸುತ್ತಿದ್ದಾನೆ. ದೋಷ ಎರಡಾಗಿ ಕಂಡರೂ ಸ್ಥಾನ ಒಂದೇ. ಬಾಯ ಮುಂದೆ ಅಂಗೈ ಹಿಡಿದು ‘ಹಾಲು’ ಎನ್ನಲು ಹೇಳಿದೆ. ಉಸಿರು ಕೈಗೆ ತಾಗಿತು. ‘ಆಲು’ ಎಂದಾಗ ತಾಗಲಿಲ್ಲ. ಹುಡುಗ ನಕ್ಕ. ಮೂರು ವಾರದಲ್ಲಿ ಅವನ ಪುಸ್ತಕದ ಕೆಂಪು ಅರ್ಧಕ್ಕಿಂತ ಕಡಿಮೆಯಾಯಿತು. ಇಷ್ಟು ವರ್ಷಗಳಲ್ಲಿ ಕೆಂಪು ಗೆರೆ ಮಾತ್ರ ಎಳೆದು ಕಳಿಸಿದ ಮಕ್ಕಳ ಲೆಕ್ಕ ನನ್ನ ಬಳಿ ಇಲ್ಲ.

ಕೆಟ್ಟದ್ದನ್ನು ಎಸೆದು ಹೊಸದನ್ನು ತರುವ ಅನುಕೂಲ ಈಗ ಹೆಚ್ಚಾಗಿದೆ. ಅದನ್ನು ನಾನು ದೂರುವುದಿಲ್ಲ. ಆದರೆ ಎಸೆಯಲಾಗದಂಥವೂ ನಮ್ಮ ನಡುವೆ ಇವೆ. ಅವುಗಳಿಗೆ ಬೇಕಾದ ತಾಳ್ಮೆಯನ್ನು ಎಸೆಯಬಹುದಾದ ವಸ್ತುಗಳ ಮೇಲೆಯೇ ಕಲಿಯಬೇಕು. ಅದನ್ನು ಕಲಿಸಬಲ್ಲ ರಾಯರಂಥವರಿಗೆ ವಯಸ್ಸಾಗುತ್ತಿದೆ. ನಿಮ್ಮ ಬೀದಿಯಲ್ಲಿಯೂ ಅಂಥ ಒಬ್ಬರು ಇರಬಹುದು: ಹಳೆಯ ರೇಡಿಯೋ ರಿಪೇರಿಯವರು, ಗಡಿಯಾರದವರು, ಕಾರ್ಖಾನೆಯಿಂದ ನಿವೃತ್ತರಾದವರು. ಮನೆಯ ಮಕ್ಕಳನ್ನು ಒಂದು ಸಂಜೆ ಅವರ ಬಳಿಗೆ ಕಳುಹಿಸಿರಿ. ಒಂದು ಎಚ್ಚರಿಕೆಯ ಮಾತು: ಪ್ಲಗ್ಗು ಕೀಳದೆ ಯಾವ ಪೆಟ್ಟಿಗೆಯ ಒಳಗೂ ಕೈ ಹಾಕಬಾರದು. ವಾಲ್ವುಗಳ ಹಳೆಯ ರೇಡಿಯೋ ಆದರೆ ಪ್ಲಗ್ಗು ಕಿತ್ತ ಮೇಲೂ ಅದರ ಕಂಡೆನ್ಸರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಬಲ್ಲವರೇ ಅದನ್ನು ತೆರೆಯಬೇಕು.

ರಾಯರ ಮನೆಯ ಜಗುಲಿಯಲ್ಲಿ ಈಗ ಸಂಜೆಯ ಹೊತ್ತು ಆ ಯಂತ್ರದ ಗಂಟೆ ಕೇಳಿಸುತ್ತದೆ. ಹಕಾರದ ಹುಡುಗನೂ ಆಡುವುದಕ್ಕೆ ಬರುತ್ತಾನೆ. ಮೊನ್ನೆ ಬಲಗಡೆಯ ಒಂದು ದೀಪ ಹತ್ತಲಿಲ್ಲ. ಯಾರೋ ಕೈಯೆತ್ತಿದರು. ಅವನು ಅಡ್ಡ ನಿಂತು, “ಹೊಡೀಬೇಡ್ರಣ್ಣ, ತಾತನ್ನ ಕರೀತೀನಿ” ಎಂದ.